35 ದಾಟಿದ ಮೇಲೆ ಸಂಗೀತ ಒಲಿಯುತ್ತದಾ?

ಈ ವಯಸ್ಸಲ್ಲಿ ಕರ್ನಾಟಕ ಸಂಗೀತ ಶುರು ಮಾಡಿದರೆ ಪಳಗಬಹುದಾ, ಬದುಕಿಗೆ ಏನಾದರೂ ಸಿಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಪಳಗಬಹುದು. ಆದರೆ ಕೀರ್ತನೆಗೆ ಅವಸರ ಬೇಡ.

ಸ್ವರಗಳ ಮೊದಲ ಪಾಠವಾದ ಸರಳೆ ವರಸೆಯಲ್ಲೇ ಜಾಸ್ತಿ ದಿನ ನಿಲ್ಲಿ. ಈ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಎನ್ನುತ್ತದೆ ಪರಂಪರೆ. ಅದನ್ನು ಮಾಯಾಮಾಳವಗೌಳ ರಾಗದಲ್ಲಿ ಕಲಿಸುವುದು ಸುಮ್ನೆ ಅಲ್ಲ. ಸ ರಿ ಗ ಮ ನಡುವಿನ ಅಂತರಗಳೇ ಪ ದ ನಿ ಸ ನಡುವೆಯೂ ಬರುತ್ತವೆ. ಅರ್ಧ ಕಲಿತ ಕಿವಿ ಉಳಿದರ್ಧವನ್ನು ಬೇಗ ಹಿಡಿಯುತ್ತದೆ.

ಒಂದನೇ ಕಾಲದಲ್ಲಿ, ಅಂದರೆ ನಿಧಾನವಾಗಿ ಹಾಡುವಾಗ, ಎಲ್ಲ ಸರಿ ಅನಿಸುತ್ತದೆ. ಎರಡನೇ ಕಾಲದಲ್ಲಿ ತಾಳದ ವೇಗ ಅದೇ, ಸ್ವರಗಳು ಮಾತ್ರ ಎರಡರಷ್ಟು. ಆಗ ರಿಷಭ (ರಿ) ಜಾರುತ್ತದೆ, ಉಸಿರು ಸಾಲುವುದಿಲ್ಲ. ನಿಜವಾದ ಕಲಿಕೆ ಅಲ್ಲೇ ಇದೆ. ಇಡೀ ವರಸೆಯನ್ನು ಮತ್ತೆ ಮತ್ತೆ ಹಾಡಬೇಡಿ. ತಪ್ಪಿದ ಎರಡೇ ಸ್ವರ ಹಿಡಿದು, ತಂಬೂರಿಗೆ ಕಿವಿಗೊಟ್ಟು, ನಿಧಾನವಾಗಿ ಶ್ರುತಿಗೆ, ಅಂದರೆ ಹಾಡಿಗೆ ಆಧಾರವಾದ ಸ್ವರಕ್ಕೆ, ಸೇರಿಸಿ. ಭಾನುವಾರ ಎರಡು ಗಂಟೆ ಕೂತಿದ್ದಕ್ಕಿಂತ ದಿನಾ 20 ನಿಮಿಷ ಹಾಡಿದ್ದು ನನ್ನ ಕೈ ಹಿಡಿಯಿತು. ತಪ್ಪು ಕೇಳಿಸಿದರೆ ಗಾಬರಿಯಾಗದೆ ಮತ್ತೆ ಶುರು ಮಾಡುವ ಸಮಾಧಾನ ಆಫೀಸಿನಲ್ಲೂ ಬಂತು.

ಮೊದಲ ದಿನವೇ ನಿಮ್ಮ ಶ್ರುತಿ ಯಾವುದು ಅಂತ ಗುರುಗಳ ಹತ್ತಿರ ಕೇಳಿ ತಿಳಿದುಕೊಳ್ಳಿ. ಹೊಂದದ ಶ್ರುತಿಯಲ್ಲಿ ಹಾಡಿದರೆ ಗಂಟಲು ಬೇಗ ದಣಿಯುತ್ತದೆ.