ಬಾನ ಚಿತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದಿವೆ. ಒಬ್ಬೊಬ್ಬರ ಬಳಿ ಒಂದೊಂದು ಸಲಕರಣೆ, ಆದರೆ ದೂರು ಒಂದೇ: ಚಿತ್ರ ಚೊಕ್ಕವಾಗಿ ಬರುತ್ತಿಲ್ಲ. ಇದರಲ್ಲಿ ಕ್ಯಾಮೆರಾದ ತಪ್ಪು ಕಡಿಮೆ. ಎಲ್ಲಿ ನಿಂತು, ಯಾವ ಹೊತ್ತಿನಲ್ಲಿ ತೆಗೆದಿರಿ ಅನ್ನುವುದರ ಮೇಲೆಯೇ ಬಹುಪಾಲು ನಿಂತಿದೆ.

ಪ್ರ: 70 ಮಿ.ಮೀ. ವ್ಯಾಸದ, 700 ಮಿ.ಮೀ. ಫೋಕಲ್ ಲೆಂತ್‌ನ ಟೆಲಿಸ್ಕೋಪ್ ಇದೆ. ಮುಂದೆ ಬಿಸಿಲು ತಗ್ಗಿಸುವ ಸೋಲಾರ್ ಫಿಲ್ಮ್, ಹಿಂದೆ ಡಿಎಸ್‌ಎಲ್‌ಆರ್ ಕ್ಯಾಮೆರಾ. ಮಧ್ಯಾಹ್ನ 12ರ ಹೊತ್ತಿಗೆ ತಾರಸಿಯಿಂದ ಸೂರ್ಯನ ಫೋಟೊ ತೆಗೆದರೆ ಅದರ ಮೈಮೇಲಿನ ಕರಿ ಕಲೆಗಳು ಮಸುಕು, ಅಂಚು ಅಲೆಯಲೆ. ದೊಡ್ಡ ಟೆಲಿಸ್ಕೋಪ್ ಕೊಳ್ಳಬೇಕೆ? — ನಿಟುವಳ್ಳಿ, ದಾವಣಗೆರೆ

ಉ: ಬೇಡ. ಮೊದಲು ತಾರಸಿ ಬಿಡಿ, ಮಧ್ಯಾಹ್ನ ಬಿಡಿ. ಮಂಡಕ್ಕಿ ಭಟ್ಟಿಯ ಬಿಸಿಯ ಆಚೆಗೆ ನೋಡಿದರೆ ಎದುರಿನ ಗೋಡೆ ಕುಣಿಯುತ್ತದಲ್ಲ, ನಿಮ್ಮ ಚಿತ್ರದಲ್ಲಿ ಆಗಿರುವುದೂ ಅದೇ. ಕಾಂಕ್ರೀಟ್ ತಾರಸಿ, ಪಕ್ಕದ ಮನೆಯ ತಗಡಿನ ಶೀಟು, ನೀರಿನ ಕಪ್ಪು ಟ್ಯಾಂಕು ಎಲ್ಲವೂ 10 ಗಂಟೆಗೇ ಕಾದು ಬಿಸಿಗಾಳಿ ಮೇಲೆಬ್ಬಿಸುತ್ತವೆ. ಬಿಸಿ ಮತ್ತು ತಂಪು ಗಾಳಿಯಲ್ಲಿ ಬೆಳಕು ಬಾಗುವ ಪ್ರಮಾಣ ಬೇರೆ ಬೇರೆ. ಹಾಗಾಗಿ ಸೂರ್ಯನ ಅಂಚು ಕುದಿಯುವಂತೆ ಕಾಣುತ್ತದೆ. ದೊಡ್ಡ ಟೆಲಿಸ್ಕೋಪಿನಲ್ಲಿ ಈ ಕುದಿತ ಇನ್ನೂ ಎದ್ದು ಕಾಣುತ್ತದೆ.

ಸೂರ್ಯ ಹುಟ್ಟಿ ಎರಡು ಗಂಟೆಗೆ ನಮ್ಮಲ್ಲಿ ಸುಮಾರು 28 ಡಿಗ್ರಿ ಏರಿರುತ್ತಾನೆ. ಅಲ್ಲಿಂದ ಮುಂದಿನ ಒಂದು ಗಂಟೆ ನಿಮ್ಮದು. ಅದಕ್ಕಿಂತ ಮುಂಚೆ ಹೋದರೆ ದಿಗಂತದ ಬಳಿಯ ದಪ್ಪ ಗಾಳಿ ಅಡ್ಡ, ತಡವಾದರೆ ನೆಲ ಕಾದಿರುತ್ತದೆ. ಸಾಧ್ಯವಾದರೆ ಹುಲ್ಲಿನ ಮೇಲೆ, ಇಲ್ಲವೇ ಮಣ್ಣಿನ ನೆಲದಲ್ಲಿ ಸ್ಟ್ಯಾಂಡ್ ಇಡಿ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ನೀರು ನಿಲ್ಲಿಸಿದ ಭತ್ತದ ಗದ್ದೆ ಪೂರ್ವಕ್ಕೆ ಬರುವಂತೆ ನಿಂತರೆ ಇನ್ನೂ ಒಳ್ಳೆಯದು. ನೀರು ಬೇಗ ಕಾಯುವುದಿಲ್ಲ, ಅದರ ಮೇಲಿನ ಗಾಳಿ ಶಾಂತವಾಗಿರುತ್ತದೆ. ತಾರಸಿ ಬಿಟ್ಟರೆ ಬೇರೆ ಜಾಗವೇ ಇಲ್ಲ ಎಂದಾದರೆ ಸುತ್ತ ನೀರು ಚಿಮುಕಿಸಿ ಒದ್ದೆ ಗೋಣಿಚೀಲ ಹಾಸಿ. ಪೂರ್ತಿ ಗುಣ ಬಾರದು, ವ್ಯತ್ಯಾಸವಂತೂ ಕಾಣುತ್ತದೆ. ಚಿತ್ರ ತೆಗೆಯದ ಹೊತ್ತಿನಲ್ಲಿ ಕೊಳವೆಯ ಮೇಲೆ ಬಿಳಿ ಬಟ್ಟೆ ಹೊದಿಸಿಡಿ. ಕೊಳವೆಯೊಳಗಿನ ಗಾಳಿಯೂ ಕಾಯುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಇನ್ನು ಲೆಕ್ಕ. ಫೋಕಲ್ ಲೆಂತನ್ನು 109ರಿಂದ ಭಾಗಿಸಿದರೆ ಸೆನ್ಸರ್ ಮೇಲೆ ಬೀಳುವ ಸೂರ್ಯಬಿಂಬದ ಅಳತೆ ಸಿಗುತ್ತದೆ. ನಿಮ್ಮದರಲ್ಲಿ ಸುಮಾರು 6.4 ಮಿ.ಮೀ. ಸಾಮಾನ್ಯ ಡಿಎಸ್‌ಎಲ್‌ಆರ್‌ನಲ್ಲಿರುವ ಎಪಿಎಸ್-ಸಿ ಅಳತೆಯ ಸೆನ್ಸರಿನ ಎತ್ತರ 15 ಮಿ.ಮೀ. ಆಸುಪಾಸು ಇರುವುದರಿಂದ ಇಡೀ ಸೂರ್ಯ ಆರಾಮವಾಗಿ ಕೂರುತ್ತಾನೆ. ಎನ್‌ಡಿ 5 ಫಿಲ್ಮ್ (ಲಕ್ಷದಲ್ಲೊಂದು ಪಾಲು ಬೆಳಕು ಬಿಡುವಂಥದ್ದು), ಎಫ್/10, ಐಎಸ್‌ಒ 100 ಇದ್ದರೆ 1/250 ಸೆಕೆಂಡಿನಿಂದ ಶುರು ಮಾಡಿ. ನಡುಕವನ್ನು ಹೆಪ್ಪುಗಟ್ಟಿಸಲು ಐಎಸ್‌ಒ 400ಕ್ಕೆ ಏರಿಸಿ 1/1000ಕ್ಕೆ ಇಳಿಸುವುದು ಮೇಲು. ಫೋಕಸ್ ಮಾಡುವಾಗ ಅಂಚನ್ನು ನೆಚ್ಚಬೇಡಿ. ಒಂದು ಕಲೆಯನ್ನು ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ, ನಡುವಿನ ಕರಿ ಭಾಗಕ್ಕೂ ಸುತ್ತಲಿನ ಬೂದು ಅಂಚಿಗೂ ನಡುವಿನ ಗೆರೆ ಕಡಿದಂತೆ ಕಾಣುವವರೆಗೆ ತಿರುಗಿಸಿ. ಬಿಸಿಲಲ್ಲಿ ಪರದೆ ಕಾಣದು. ತಲೆ ಮತ್ತು ಕ್ಯಾಮೆರಾ ಎರಡನ್ನೂ ಮುಚ್ಚುವಷ್ಟು ಕಪ್ಪು ಬಟ್ಟೆ ಬೇಕೇ ಬೇಕು.

ಶಟರ್‌ಗೆ 2 ಸೆಕೆಂಡಿನ ಟೈಮರ್ ಇಟ್ಟು 100 ಚಿತ್ರ ತೆಗೆಯಿರಿ. ಗಾಳಿ ಅರೆಕ್ಷಣ ಸುಮ್ಮನಾದಾಗ ಸಿಕ್ಕ ಹತ್ತು ಚಿತ್ರ ಅದರಲ್ಲಿ ಇದ್ದೇ ಇರುತ್ತವೆ. ಅವನ್ನು ಆಟೋಸ್ಟ್ಯಾಕರ್ಟ್ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ಒಂದರ ಮೇಲೊಂದು ಕೂಡಿಸಿ, ಆಮೇಲೆ ರೆಜಿಸ್ಟ್ಯಾಕ್ಸ್ ಅಥವಾ ಇಮ್‌ಪಿಪಿಜಿಯಲ್ಲಿ ಹದವಾಗಿ ಚುರುಕುಗೊಳಿಸಿ. ಮೂರೂ ಉಚಿತ. ಹೆಚ್ಚು ಚುರುಕು ಮಾಡಿದರೆ ಕಲೆಯ ಸುತ್ತ ಬಿಳಿ ಬಳೆಯೊಂದು ಮೂಡುತ್ತದೆ. ಅದು ಕಂಡ ಕೂಡಲೇ ಹಿಂದಕ್ಕೆ ಬನ್ನಿ. 70 ಮಿ.ಮೀ.ಯಲ್ಲಿ ಸೂರ್ಯನ ಮೈಮೇಲಿನ ಅಕ್ಕಿಕಾಳಿನಂಥ ಕಣಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ, ಅದಕ್ಕೆ 100 ಮಿ.ಮೀ.ಗೂ ಮೀರಿದ ವ್ಯಾಸ ಬೇಕು. ಕಲೆಗಳ ಒಳವಿವರ, ಅಂಚಿನ ಬಳಿಯ ಬೆಳ್ಳನೆಯ ತೇಪೆಗಳು ಚೆನ್ನಾಗಿಯೇ ಬರುತ್ತವೆ.

ಪ್ರ: ಸೋಲಾರ್ ಫಿಲ್ಮಿನ ಹಾಳೆ ತರಿಸಿದ್ದೇನೆ. ಇದನ್ನು ಟೆಲಿಸ್ಕೋಪಿಗೆ ಕೂರಿಸುವುದು ಹೇಗೆ? — ಚಿತ್ರದುರ್ಗ

ಉ: ದಪ್ಪ ಡ್ರಾಯಿಂಗ್ ಬೋರ್ಡಿನಲ್ಲಿ ಎರಡು ಬಳೆ ಕತ್ತರಿಸಿ. ಒಳಗಿನ ತೂತು ಟೆಲಿಸ್ಕೋಪಿನ ಮಸೂರದಷ್ಟು, ಹೊರಸುತ್ತು ಕೊಳವೆಗಿಂತ 3 ಸೆಂ.ಮೀ. ಹೆಚ್ಚು. ಫಿಲ್ಮನ್ನು ಟಿಶ್ಯೂ ಕಾಗದದ ಮೇಲೆ ಹರಡಿ, ಎರಡೂ ಬದಿ ಅಂಟುವ ಟೇಪು ಹಚ್ಚಿದ ಬಳೆಯನ್ನು ಅದರ ಮೇಲೆ ಮೆಲ್ಲಗೆ ಇಳಿಸಿ. ಎತ್ತಿ ತಿರುಗಿಸಿ ಇನ್ನೊಂದು ಬಳೆ ಅಂಟಿಸಿ. ತಮಟೆಯ ಚರ್ಮದಂತೆ ಬಿಗಿಯಬೇಡಿ: ಬಿಗಿದರೆ ಚಿತ್ರ ಕೆಡುತ್ತದೆ, ಸಣ್ಣ ಸುಕ್ಕುಗಳಿಂದ ಏನೂ ಕೆಡುವುದಿಲ್ಲ. ಆಮೇಲೆ ಕೊಳವೆಯ ಸುತ್ತಳತೆಗೆ 6 ಸೆಂ.ಮೀ. ಉದ್ದದ ರಟ್ಟಿನ ತೋಳು ಸುತ್ತಿ ಬಳೆಗೆ ಅಂಟಿಸಿದರೆ ಮುಚ್ಚಳ ತಯಾರು.

ಗಾಳಿಯಂತ್ರ ನೆಟ್ಟ ಊರು ನಿಮ್ಮದು. ಮುಚ್ಚಳವನ್ನು ಬರಿದೇ ಸಿಕ್ಕಿಸಿ ಬಿಡಬೇಡಿ, ಮೂರು ಕಡೆ ಟೇಪು ಹಚ್ಚಿ ಕೊಳವೆಗೆ ಕಟ್ಟಿ. ಕಣ್ಣಿಟ್ಟಿರುವಾಗ ಫಿಲ್ಟರ್ ಹಾರಿಹೋದರೆ ಕಣ್ಣು ಹೋಯಿತೆಂದೇ ಲೆಕ್ಕ. 70 ಮಿ.ಮೀ. ಮಸೂರ ಬರಿಗಣ್ಣಿನ ನೂರು ಪಟ್ಟು ಬೆಳಕು ಹೀರುತ್ತದೆ. ಅಕ್ಷಿಪಟಲಕ್ಕೆ ನೋವಿನ ನರಗಳಿಲ್ಲ, ಸುಡುವಾಗ ಗೊತ್ತೇ ಆಗುವುದಿಲ್ಲ. ಫೈಂಡರನ್ನು (ಗುರಿ ಹಿಡಿಯಲು ಕೊಳವೆಯ ಮೇಲಿರುವ ಚಿಕ್ಕ ಟೆಲಿಸ್ಕೋಪ್) ಬಿಚ್ಚಿಡಿ ಇಲ್ಲವೇ ಮುಚ್ಚಿ. ಸೂರ್ಯನತ್ತ ಗುರಿ ಹಿಡಿಯಲು ನೆಲದ ಮೇಲಿನ ಕೊಳವೆಯ ನೆರಳು ಸಾಕು: ನೆರಳು ಕುಗ್ಗಿ ದುಂಡಗಾದಾಗ ಸೂರ್ಯ ಸಿಕ್ಕಿದ್ದಾನೆ. ಪ್ರತಿ ಸಲವೂ ಹಾಕುವ ಮುಂಚೆ ಫಿಲ್ಮನ್ನು ಬೆಳಗುವ ಬಲ್ಬಿಗೆ ಹಿಡಿದು ಸೂಜಿತೂತು ಬಿದ್ದಿದೆಯೇ ನೋಡಿ. ಎನ್‌ಡಿ 3.8 ಎಂದು ಮಾರುವ ಫಿಲ್ಮ್ ಕ್ಯಾಮೆರಾಕ್ಕೆ ಮಾತ್ರ, ಅದರ ಹಿಂದೆ ಕಣ್ಣಿಡಬಾರದು.

ಪ್ರ: ಎಕ್ಸ್-ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ತಟ್ಟೆಯಲ್ಲಿ ಅರಿಶಿನದ ನೀರು. ನಮ್ಮ ಮನೆಯಲ್ಲಿ ಗ್ರಹಣ ನೋಡಿದ್ದೆಲ್ಲ ಹೀಗೇ. ಇದರಲ್ಲಿ ಯಾವುದಾದರೂ ಸರಿಯೆ? — ಹರಿಹರ

ಉ: ಒಂದೂ ಸರಿಯಲ್ಲ. ನೇರ ಬಿದ್ದ ಬೆಳಕಿನಲ್ಲಿ ನೀರು ನೂರಕ್ಕೆ 2 ಪಾಲು ಹಿಂದಿರುಗಿಸುತ್ತದೆ, ಓರೆಯಾಗಿ ಬಿದ್ದರೆ ಇನ್ನೂ ಹೆಚ್ಚು. ಕಣ್ಣಿಗೆ ಎನ್‌ಡಿ 5 ಬಿಡುವಷ್ಟು, ಅಂದರೆ ಲಕ್ಷಕ್ಕೆ 1 ಪಾಲು ಮಾತ್ರ ಬರಬೇಕು. ಅರಿಶಿನದ ನೀರಿನಿಂದ ಬರುವುದು ಅದರ ಎರಡು ಸಾವಿರ ಪಟ್ಟು. ಎಕ್ಸ್-ರೇ ಫಿಲ್ಮಿನ ಕಪ್ಪು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. 14ನೇ ನಂಬರಿನ ವೆಲ್ಡಿಂಗ್ ಗಾಜು ಬರಿಗಣ್ಣಿಗೆ ನಡೆಯುತ್ತದೆ, ಟೆಲಿಸ್ಕೋಪಿಗೆ ಅಲ್ಲ. ಗ್ರಹಣದ ಕನ್ನಡಕ ಹಾಕಿಕೊಂಡು ಟೆಲಿಸ್ಕೋಪಿನಲ್ಲಿ ಇಣುಕುವುದಂತೂ ಕೂಡದು, ಕೂಡಿಬಂದ ಬಿಸಿಗೆ ಅದು ಕರಗುತ್ತದೆ.

ಮನೆಮಂದಿಯೆಲ್ಲ ಒಟ್ಟಿಗೆ ನೋಡಬೇಕೆಂದರೆ ಕನ್ನಡಿ ಸಾಕು. ಚಿಕ್ಕ ಕನ್ನಡಿಯ ಮೇಲೆ 5 ಮಿ.ಮೀ. ತೂತಿನ ಕಾಗದ ಅಂಟಿಸಿ, ಬಿಸಿಲನ್ನು ಕಿಟಕಿಯಿಂದ ಕತ್ತಲ ಕೋಣೆಯ ಗೋಡೆಗೆ ಹಾಯಿಸಿ. ಗೋಡೆ 10 ಮೀಟರ್ ದೂರವಿದ್ದರೆ 9 ಸೆಂ.ಮೀ. ಸೂರ್ಯ ಮೂಡುತ್ತಾನೆ. ಕನ್ನಡಿಯತ್ತ ಮಾತ್ರ ಯಾರೂ ನೋಡಬಾರದು. ಹೊಂಗೆ ಮರದಡಿ ನೆಲದಲ್ಲಿ ಕಾಣುವ ದುಂಡನೆಯ ಬಿಸಿಲ ಚುಕ್ಕೆಗಳೂ ಸೂರ್ಯನ ಬಿಂಬಗಳೇ, ಗ್ರಹಣದ ದಿನ ಅವೆಲ್ಲ ಕುಡುಗೋಲಿನ ಆಕಾರ ತಳೆಯುತ್ತವೆ. 2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಪಾರ್ಶ್ವ ಗ್ರಹಣವಿದೆ. ಪಶ್ಚಿಮ ತೆರೆದಿರುವ ಜಾಗ ಈಗಲೇ ನೋಡಿಟ್ಟುಕೊಳ್ಳಿ, ಮೋಡ ಮಾತ್ರ ದೇವರ ಕೈಲಿ. 2031ರ ಮೇ 21ರ ಕಂಕಣ ಗ್ರಹಣ ಕೇರಳ, ತಮಿಳುನಾಡಿನ ಮೇಲೆ ಹಾದುಹೋಗುತ್ತದೆ.

ಪ್ರ: ಆಕಾಶಗಂಗೆಯ ಚಿತ್ರ ತೆಗೆಯಬೇಕು. 18-55 ಲೆನ್ಸ್ ಇದೆ. ಜೋಗಿಮಟ್ಟಿಗೆ ಹೋಗಬಹುದೆ? ಯಾವ ತಿಂಗಳು? ಊರ ಹೊರಗೆ ತೆಗೆದ ಚಿತ್ರವೆಲ್ಲ ಕಿತ್ತಳೆ ಬಣ್ಣ. — ಹೊಳಲ್ಕೆರೆ

ಉ: ಜೋಗಿಮಟ್ಟಿ ಅರಣ್ಯ, ಅನುಮತಿಯಿಲ್ಲದೆ ರಾತ್ರಿ ಹೋಗುವಂತಿಲ್ಲ. ಕಲ್ಲಿನ ಕೋಟೆಯೂ ಸಂಜೆಗೆ ಬಾಗಿಲು ಹಾಕುತ್ತದೆ. ಬೆಟ್ಟವೇ ಬೇಕೆಂದೇನೂ ಇಲ್ಲ. ಆಕಾಶಗಂಗೆಯ ದಟ್ಟ ಭಾಗ, ಧನು ರಾಶಿಯ ಕಡೆಯದು, ದಕ್ಷಿಣದಲ್ಲಿ ಬರುತ್ತದೆ. ನೀವು ಹುಡುಕಬೇಕಾದ್ದು ದೊಡ್ಡ ಊರು ನಿಮ್ಮ ಬೆನ್ನಿಗೆ, ಉತ್ತರಕ್ಕೆ ಬೀಳುವಂಥ ಹೊಲ. ದಾವಣಗೆರೆಯವರು ಸೂಳೆಕೆರೆಯ ದಿಕ್ಕಿಗೆ ಹೊರಟರೆ ನಗರದ ಬೆಳಕು ಹಿಂದೆ ಉಳಿಯುತ್ತದೆ. ಕೆರೆಯ ದಂಡೆಗೇ ಹೋದರೆ ಚಳಿಗಾಲದಲ್ಲಿ ಲೆನ್ಸ್ ಮೇಲೆ ಇಬ್ಬನಿ ಕೂರುತ್ತದೆ, ಯುಎಸ್‌ಬಿ ಹೀಟರ್ ಪಟ್ಟಿ ಸುತ್ತಿ ಪವರ್ ಬ್ಯಾಂಕಿಗೆ ಸಿಕ್ಕಿಸಿ. ಹೊಲದವರಿಗೆ ಹಗಲೇ ಹೇಳಿ ಬನ್ನಿ, ಜೊತೆಗೊಬ್ಬರಿರಲಿ, ಹಾವಿನ ಭಯ ಇದ್ದದ್ದೇ, ಬೂಟು ಹಾಕಿ. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಎರಡು ಪದರ ಸುತ್ತಿ.

ನಾವಿರುವ 14 ಡಿಗ್ರಿ ಅಕ್ಷಾಂಶ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆಕಾಶಗಂಗೆಯ ಕೇಂದ್ರ ಇಲ್ಲಿ 47 ಡಿಗ್ರಿ ಎತ್ತರಕ್ಕೆ ಏರುತ್ತದೆ, ಯುರೋಪಿನ ಬಹುಪಾಲು ಊರುಗಳಿಂದ ಅದು ದಿಗಂತ ಬಿಟ್ಟು ಮೇಲೇಳುವುದೇ ಕಷ್ಟ. ಮಾರ್ಚ್‌ನಲ್ಲಿ ಬೆಳಗಿನ 4ರಿಂದ 5, ಏಪ್ರಿಲ್‌ನಲ್ಲಿ 3ರಿಂದ 4.45, ಮೇ ತಿಂಗಳಲ್ಲಿ ನಡುರಾತ್ರಿಯ ನಂತರ. ಅಮಾವಾಸ್ಯೆಯ ಹಿಂದುಮುಂದಿನ ನಾಲ್ಕು ದಿನ. ಜೂನ್ ಬಂದರೆ ಮೋಡ. ಮಳೆ ತೊಳೆದ ಅಕ್ಟೋಬರ್ ಆಕಾಶವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕತ್ತಲಾದೊಡನೆ ನೈಋತ್ಯದಲ್ಲಿ ಒಂದು ಗಂಟೆ ಸಿಗುತ್ತದೆ, ಮಾರ್ಚ್‌ನ ದೂಳು ಆಗ ಇರುವುದಿಲ್ಲ.

18 ಮಿ.ಮೀ., ಎಫ್/3.5, ಐಎಸ್‌ಒ 3200, 15 ಸೆಕೆಂಡು, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಕಡತ). 500ನ್ನು (ಫೋಕಲ್ ಲೆಂತ್ × 1.5) ಇಂದ ಭಾಗಿಸಿದರೆ 18 ಸೆಕೆಂಡು ಬರುತ್ತದೆ, ಅದನ್ನು ಮೀರಿದರೆ ಚುಕ್ಕಿ ಗೆರೆಯಾಗುತ್ತದೆ. ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬಬೇಡಿ, ಹೊಳೆಯುವ ನಕ್ಷತ್ರವನ್ನು ಹಿಗ್ಗಿಸಿ ಅದು ಅತಿ ಚಿಕ್ಕದಾಗುವಂತೆ ಫೋಕಸ್ ಮಾಡಿ ಉಂಗುರಕ್ಕೆ ಟೇಪು ಹಚ್ಚಿ. ಇಂಥ 40 ಚಿತ್ರ, ಆಮೇಲೆ ಲೆನ್ಸ್ ಮುಚ್ಚಿ ಅದೇ ಸೆಟ್ಟಿಂಗಿನಲ್ಲಿ 20 ಕತ್ತಲ ಚಿತ್ರ. ಸೀಕ್ವೇಟರ್ ತಂತ್ರಾಂಶದಲ್ಲಿ ಕೂಡಿಸಿ. 16 ಚಿತ್ರ ಕೂಡಿದರೆ ಚಿತ್ರದಲ್ಲಿನ ಕಾಳುಕಾಳು ಗದ್ದಲ (ನಾಯ್ಸ್) ಕಾಲುಭಾಗಕ್ಕೆ ಇಳಿಯುತ್ತದೆ. ಕಿತ್ತಳೆ ಬಣ್ಣಕ್ಕೆ ಕಾರಣ ಊರ ದೀಪ ಮತ್ತು ಆಟೋ ವೈಟ್ ಬ್ಯಾಲೆನ್ಸ್: 4000 ಕೆಲ್ವಿನ್‌ಗೆ ಕೈಯಾರೆ ಇಡಿ. ಟ್ರೈಪಾಡಿಗೆ ಕಲ್ಲಿನ ಚೀಲ ತೂಗುಹಾಕುವವರು ಚೀಲ ನೆಲಕ್ಕೆ ತಾಗುವಂತೆ ಕಟ್ಟಿ. ತೂಗಾಡುವ ಚೀಲ ಗಾಳಿಗಿಂತ ಹೆಚ್ಚು ಅಲುಗಿಸುತ್ತದೆ.

ಪ್ರ: ಮೊಬೈಲ್ ಒಂದೇ ಇದೆ. ಏನು ಮಾಡಬಹುದು? — ಹಿರಿಯೂರು

ಉ: ಟ್ರೈಪಾಡಿಗೆ ಕಟ್ಟಿ, ಪ್ರೊ ಮೋಡ್‌ನಲ್ಲಿ ಐಎಸ್‌ಒ 1600, 15 ಸೆಕೆಂಡು, ಫೋಕಸ್ ಅನಂತಕ್ಕೆ, ಟೈಮರ್ 3 ಸೆಕೆಂಡು. ಮಹಾವ್ಯಾಧ, ಕೃತ್ತಿಕೆ, ವೃಶ್ಚಿಕ ಚೆನ್ನಾಗಿ ಬರುತ್ತವೆ. ಸೂರ್ಯನಿಗೆ ಮೊಬೈಲ್ ಲೆನ್ಸ್ ತೀರಾ ಚಿಕ್ಕದು, ಬರುವುದು ಬಿಳಿ ಚುಕ್ಕೆ ಮಾತ್ರ.

ಪ್ರ: ಈಕ್ವಟೋರಿಯಲ್ ಮೌಂಟ್ (ಭೂಮಿ ತಿರುಗುವುದಕ್ಕೆ ಸರಿಯಾಗಿ ನಕ್ಷತ್ರವನ್ನು ಹಿಂಬಾಲಿಸುವ ಸ್ಟ್ಯಾಂಡಿನ ತಲೆ) ಕೊಂಡೆ. ಧ್ರುವ ನಕ್ಷತ್ರ ಮಂಜಿನಲ್ಲಿ ಕಾಣುವುದೇ ಇಲ್ಲ, ಜೊತೆಗೆ ತೂಕದ ಕಂಬಿ ಸ್ಟ್ಯಾಂಡಿನ ಕಾಲಿಗೆ ಬಡಿಯುತ್ತದೆ. ಮೌಂಟ್ ಕೆಟ್ಟಿದೆಯೆ? — ಚಳ್ಳಕೆರೆ

ಉ: ಕೆಟ್ಟಿಲ್ಲ. ಈ ಮೌಂಟುಗಳನ್ನು ಹೆಚ್ಚಾಗಿ 40-50 ಡಿಗ್ರಿ ಅಕ್ಷಾಂಶದವರನ್ನು ಮನಸ್ಸಿನಲ್ಲಿಟ್ಟು ಮಾಡುತ್ತಾರೆ. ನಮ್ಮಲ್ಲಿ ಮೌಂಟಿನ ಧ್ರುವ ಅಕ್ಷ (ಧ್ರುವ ನಕ್ಷತ್ರದತ್ತ ಮುಖ ಮಾಡಬೇಕಾದ್ದು) ನೆಲಕ್ಕೆ ಬರೀ 14 ಡಿಗ್ರಿ ಎತ್ತರ, ಹೆಚ್ಚುಕಡಿಮೆ ಮಲಗಿದಂತೆ. ಆಗ ತೂಕದ ಕಂಬಿ ನೇರ ಕೆಳಗಿಳಿದು ಉತ್ತರದ ಕಾಲಿಗೆ ತಾಗುತ್ತದೆ. ಸ್ಟ್ಯಾಂಡನ್ನು ತಿರುಗಿಸಿ ಒಂದು ಕಾಲು ದಕ್ಷಿಣಕ್ಕೆ, ಉತ್ತರ ಎರಡು ಕಾಲುಗಳ ನಡುವೆ ಬರುವಂತೆ ಮಾಡಿ. ತಲೆಯ ಕೆಳಗಿನ ದಿಕ್ಕಿನ ಗೂಟವನ್ನು ಬಿಚ್ಚಿ ಎದುರು ಬದಿಗೆ ಹಾಕಬೇಕಾಗುತ್ತದೆ, ಹಲವು ಸ್ಟ್ಯಾಂಡುಗಳಲ್ಲಿ ಅದಕ್ಕೆ ತೂತು ಇರುತ್ತದೆ. ಇಲ್ಲದಿದ್ದರೆ ತಲೆಯ ಕೆಳಗೆ ಕೂರುವ ಗಿಡ್ಡ ಕಂಬ ಸಿಗುತ್ತದೆ, ಅದನ್ನು ಹಾಕಿ.

ಧ್ರುವ ಕಾಣದಿದ್ದರೆ ನಕ್ಷತ್ರಗಳ ಜಾರುವಿಕೆಯೇ ದಾರಿ ತೋರಿಸುತ್ತದೆ. ಮೊದಲು ಮೊಬೈಲಿನ ದಿಕ್ಸೂಚಿ, ಓರೆಮಾಪಕದಿಂದ ಉತ್ತರ ಮತ್ತು 14 ಡಿಗ್ರಿ ಹೊಂದಿಸಿ. ಹಗಲು ಸೂರ್ಯನ ಚಿತ್ರಕ್ಕೆ ಇಷ್ಟೇ ಸಾಕು. ರಾತ್ರಿಗೆ, ನೆತ್ತಿಯಿಂದ 14 ಡಿಗ್ರಿ ದಕ್ಷಿಣಕ್ಕಿರುವ ಒಂದು ನಕ್ಷತ್ರವನ್ನು ಹಿಡಿದು ಐದು ನಿಮಿಷ ನೋಡಿ. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ವಾಲಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ತಿದ್ದಿ. ಆಮೇಲೆ ಪೂರ್ವದಲ್ಲಿ ತಗ್ಗಿನಲ್ಲಿರುವ ನಕ್ಷತ್ರ: ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಾಗಿದೆ, ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ಎರಡು ಸುತ್ತು ಮಾಡಿದರೆ ಅರ್ಧ ಗಂಟೆ ಹಿಡಿದೀತು, 135 ಮಿ.ಮೀ. ಲೆನ್ಸಿನಲ್ಲಿ 60 ಸೆಕೆಂಡಿಗೆ ಚುಕ್ಕಿಗಳು ದುಂಡಗೆ ನಿಲ್ಲುತ್ತವೆ.

ಮೌಂಟ್ ಸರಿಹೋದ ಮೇಲೆ ಮೊದಲ ಗುರಿ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಆಗಲಿ. ಮೇ ನಡುವಿನಲ್ಲಿ ರಾತ್ರಿ 10ರ ಸುಮಾರಿಗೆ, ತ್ರಿಶಂಕುವಿನ ಎಡಕ್ಕೆ, ದಕ್ಷಿಣ ದಿಗಂತದಿಂದ 28 ಡಿಗ್ರಿ ಮೇಲೆ ಮಸುಕಾದ ನಕ್ಷತ್ರದಂತೆ ಬರಿಗಣ್ಣಿಗೇ ಸಿಗುತ್ತದೆ. 30 ಸೆಕೆಂಡಿನ ಹತ್ತು ಚಿತ್ರ ಕೂಡಿಸಿ ಹಿಗ್ಗಿಸಿ ನೋಡಿ, ಆ ಮಸುಕಿನ ಅಂಚು ರಾಗಿ ಚೆಲ್ಲಿದಂತೆ ಬಿಡಿ ಬಿಡಿ ನಕ್ಷತ್ರಗಳಾಗಿ ಒಡೆದಿರುತ್ತದೆ.

ಪ್ರ: ಸೂರ್ಯನ ಚಿತ್ರದಲ್ಲಿ ಕಂಡ ಚುಕ್ಕೆ ಸೂರ್ಯನದೋ, ಸೆನ್ಸರಿನ ದೂಳೋ ತಿಳಿಯುವುದು ಹೇಗೆ? ಸೌರ ಚಕ್ರ (ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ತಗ್ಗುವ ಸುತ್ತು) ಇಳಿಯುತ್ತಿದೆಯಂತೆ, ಈಗ ಶುರು ಮಾಡಿ ಪ್ರಯೋಜನವಿದೆಯೆ? — ದಾವಣಗೆರೆ

ಉ: ಸೂರ್ಯನನ್ನು ಚೌಕಟ್ಟಿನ ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಸಿ ಎರಡು ಚಿತ್ರ ತೆಗೆಯಿರಿ. ಸೂರ್ಯನ ಜೊತೆ ಸರಿದದ್ದು ಕಲೆ, ಇದ್ದಲ್ಲೇ ಇದ್ದದ್ದು ದೂಳು.

25ನೇ ಸೌರ ಚಕ್ರ 2019ರ ಡಿಸೆಂಬರಿನಲ್ಲಿ ಶುರುವಾಯಿತು. ಅದು ಗರಿಷ್ಠ ಘಟ್ಟ ಮುಟ್ಟಿದೆ ಎಂದು ನಾಸಾ 2024ರ ಅಕ್ಟೋಬರಿನಲ್ಲಿ ತಿಳಿಸಿತು. ಇಳಿಗಾಲ ವರ್ಷಗಟ್ಟಲೆ ಹಿಡಿಯುತ್ತದೆ, ಆ ದಿನಗಳಲ್ಲೂ ದೊಡ್ಡ ಕಲೆಗಳು ಬರುತ್ತವೆ. ಒಂದು ಕಲೆ ಪೂರ್ವದ ಅಂಚಿನಿಂದ ಪಶ್ಚಿಮದ ಅಂಚಿಗೆ ಹೋಗಲು ಸುಮಾರು 13 ದಿನ. ದಿನಕ್ಕೊಂದರಂತೆ ಒಂದೇ ಹೊತ್ತಿಗೆ ಚಿತ್ರ ತೆಗೆದು ಸಾಲಾಗಿ ಜೋಡಿಸಿದರೆ ಸೂರ್ಯ ತಿರುಗುವುದು ಕಣ್ಣಿಗೇ ಕಾಣುತ್ತದೆ. ಪ್ರತಿ ಚಿತ್ರಕ್ಕೂ ದಿನಾಂಕ, ಸಮಯ ಬರೆಯಿರಿ, ದಿಕ್ಕನ್ನೂ ಗುರುತಿಸಿ. ದಿಕ್ಕು ತಿಳಿಯಲು ಮೌಂಟಿನ ಮೋಟಾರು ನಿಲ್ಲಿಸಿ. ಸೂರ್ಯನ ಯಾವ ಅಂಚು ಮೊದಲು ಚೌಕಟ್ಟು ದಾಟುತ್ತದೋ ಅದು ಪಶ್ಚಿಮ.