ದೃಷ್ಟಿ ಇಲ್ಲದ ಹುಡುಗಿಯ ಗೇಮ್: ಪರದೆ ಕಪ್ಪು ಮಾಡಿದರೆ ಸಾಕಾ?

ಮಾರಾಯ್ರೆ, ನಿಮ್ಮ ಪೋಸ್ಟ್ ಓದಿದೆ. ಕಣ್ಣು ಕಾಣದ ಹುಡುಗಿ ತೀರ್ಥಹಳ್ಳಿ ಕಡೆಯ ಅಡಿಕೆ ತೋಟ ದಾಟಿ ಶಾಲೆಗೆ ಹೋಗುವ ಗೇಮ್ ಮಾಡುತ್ತಿದ್ದೀರಿ. ಪರದೆ ಪೂರ್ತಿ ಕಪ್ಪು, ಕೋಲು ಕುಟ್ಟಿದಾಗ ಮಾತ್ರ ಬಿಳಿ ಗೆರೆಗಳಲ್ಲಿ ಸುತ್ತಮುತ್ತ ಕಂಡು ಮರೆಯಾಗುತ್ತದೆ. ಇಷ್ಟು ಸಾಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಸಾಲದು. ನೋಡಲು ಚಂದ, ಆದರೆ ಆಡುವವರು ಆಗಲೂ ಕಣ್ಣಿನಿಂದಲೇ ಆಡುತ್ತಾರೆ.

2017ರ ‘ಪರ್ಸೆಪ್ಷನ್’ ಗೇಮ್ ಇದನ್ನೇ ಮಾಡಿತ್ತು. ಅದರ ಕಣ್ಣು ಕಾಣದ ನಾಯಕಿ ಕೋಲು ಕುಟ್ಟಿದರೆ ಮನೆಯೊಳಗಿನದು ಮಿಂಚಿ ಕಾಣುತ್ತದೆ, ಜಾಸ್ತಿ ಕುಟ್ಟಿದರೆ ದೆವ್ವ ಬೆನ್ನು ಹತ್ತುತ್ತದೆ. ಹೆದರಿಸೋಕೆ ಸರಿ. ಆದರೆ ಕೋಲು ಬಳಸಿದ್ದಕ್ಕೇ ಶಿಕ್ಷೆ ಆಯ್ತಲ್ವಾ? ದಿನಾ ಓಡಾಡುವ ಹುಡುಗಿಗೆ ತೋಟ ಭಯದ ಜಾಗ ಅಲ್ಲವೇ ಅಲ್ಲ. 2015ರ ‘ಬಿಯಾಂಡ್ ಐಸ್’ನಲ್ಲಿ ಪರದೆ ಬಿಳಿ ಕಾಗದದ ಹಾಗೆ ಖಾಲಿ. ಹುಡುಗಿ ನಡೆದಂತೆ, ಕೇಳಿದಂತೆ ಬಣ್ಣ ಮೂಡುತ್ತದೆ. ಚಿತ್ರ ಬೇಕೇ ಬೇಕು ಅಂದರೆ ನನ್ನ ಓಟು ಇದಕ್ಕೆ.

ನಿಮ್ಮ ಹುಡುಗಿಗೆ ಏನೂ ಕಾಣೋದಿಲ್ವಾ, ಬೆಳಕು ಗೊತ್ತಾಗುತ್ತಾ? ಮೊದಲು ಅದನ್ನು ತೀರ್ಮಾನಿಸಿ. ನಮ್ಮ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ನಾಯಕತ್ವದಲ್ಲಿ ಭಾರತ 2012ರ ಅಂಧರ ಟಿ20 ವಿಶ್ವಕಪ್ ಗೆದ್ದಿತಲ್ಲ, ಆ ಕ್ರಿಕೆಟ್‌ನಲ್ಲಿ ಬಿ1, ಬಿ2, ಬಿ3 ಅಂತ ಮೂರು ವರ್ಗ ಇದೆ. ಬಿ1 ಅಂದರೆ ಪೂರ್ತಿ ಕಾಣದವರು, ಉಳಿದವರಿಗೆ ಅಷ್ಟಿಷ್ಟು ಕಾಣುತ್ತದೆ. ಚೆಂಡಿನೊಳಗೆ ಗುಂಡು ಗಲಗಲ ಅನ್ನುತ್ತದೆ. ಬೌಲರ್ ‘ಪ್ಲೇ’ ಅಂತ ಕೂಗಿಯೇ ಎಸೆಯಬೇಕು. ನಿಯಮಗಳನ್ನೇ ಕಿವಿಯ ಸುತ್ತ ಕಟ್ಟಿದ್ದಾರೆ. ನಿಮ್ಮ ಗೇಮಿಗೂ ಅದೇ ಬೇಕು.

ಕೋಲಿನ ಕೆಲಸ ಸರಿಯಾಗಿ ತೋರಿಸಿ. ಎಡಗಾಲು ಮುಂದಿಟ್ಟಾಗ ಕೋಲಿನ ತುದಿ ಬಲಕ್ಕೆ, ಬಲಗಾಲಿಗೆ ಎಡಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿರುತ್ತದೆ. ಎರಡು ಬಟನ್ನಿನಲ್ಲಿ ಈ ಲಯ ತರಬಹುದು. ಕೋಲು ಹೇಳೋದು ನೆಲದ ಸುದ್ದಿ ಮಾತ್ರ. ಬಸಿಗಾಲುವೆ ಸಿಗುತ್ತೆ, ಕಾಲುಸಂಕದ ಅಂಚು ಸಿಗುತ್ತೆ. ಎದೆಮಟ್ಟಕ್ಕೆ ಬಾಗಿದ ಕೊಂಬೆ ಸಿಗೋಲ್ಲ. ನಿಮ್ಮ ಗೇಮಿಗೆ ದೆವ್ವಕ್ಕಿಂತ ಆ ಕೊಂಬೆ ಒಳ್ಳೆಯದು: ಒಮ್ಮೆ ತಗುಲಿದರೆ ಮರುದಿನ ಆಟಗಾರರೇ ನೆನಪಿಟ್ಟು ತಲೆ ತಗ್ಗಿಸುತ್ತಾರೆ.

ಇನ್ನು ಮಳೆ. ಒಂದೇ ‘ಧೋ’ ಅನ್ನುವ ಫೈಲನ್ನು ಎಲ್ಲಾ ಕಡೆ ಹಾಕಬೇಡಿ, ದಯವಿಟ್ಟು. ಕೊಟ್ಟಿಗೆಯ ತಗಡಿನ ಮೇಲೆ ಬೀಳುವ ಸದ್ದು ಬೇರೆ, ಹೆಂಚಿನದು ಬೇರೆ, ಬಾಳೆ ಎಲೆಯದು ಬೇರೆ. ನೆಲಕ್ಕೆ ಬಿದ್ದ ಅಡಿಕೆಹಾಳೆಯ ಮೇಲೆ ಹನಿ ಟಪಟಪ ಅನ್ನುತ್ತದೆ. ಹದವಾದ ಮಳೆ ಬಂದರೆ ಕೊಟ್ಟಿಗೆ ಎಲ್ಲಿ, ಬಾಳೆ ಸಾಲು ಎಲ್ಲಿ ಅಂತ ಅವಳಿಗೆ ದೂರದಿಂದಲೇ ಗೊತ್ತಾಗಬೇಕು. ಜಡಿಮಳೆಯಲ್ಲಿ ಎಲ್ಲವೂ ಮುಚ್ಚಿಹೋಗಿ, ಹಳ್ಳದ ಸದ್ದೂ ಕೇಳದ ಹಾಗೆ ಆಗಬೇಕು. ಕಷ್ಟದ ಲೆವೆಲ್ ಅಲ್ಲೇ ಸಿಕ್ಕಿತು. ಮೊಬೈಲ್ ಹಿಡಿದು ಆಷಾಢದಲ್ಲಿ ನೀವೇ ರೆಕಾರ್ಡ್ ಮಾಡಿ. ಇಂಟರ್‌ನೆಟ್ಟಿನ ಮಳೆ ನಮ್ಮ ಮಳೆ ಅಲ್ಲ.

ಎಡ ಬಲ ಸ್ಟಿರಿಯೊದಲ್ಲೇ ಸಿಗುತ್ತದೆ, ಮುಂದೆ ಹಿಂದೆ ಸಿಗೋಲ್ಲ. ಅದಕ್ಕೆ ತಲೆ, ಕಿವಿಯ ಆಕಾರ ಲೆಕ್ಕ ಹಾಕುವ ಬೈನಾರಲ್ ಆಡಿಯೊ ಬೇಕು. ಅದನ್ನು ಮಾಡುವ ಸ್ಟೀಮ್ ಆಡಿಯೊ ಸಾಫ್ಟ್‌ವೇರ್ ಪುಕ್ಕಟೆ, ಗೇಮ್ ಕಟ್ಟುವ ಯೂನಿಟಿ, ಅನ್ರಿಯಲ್ ಎರಡರಲ್ಲೂ ನಡೆಯುತ್ತದೆ. ಬ್ಲೂಟೂತ್ ಬೇಡ, ವೈರಿನ ಹೆಡ್‌ಫೋನ್ ಹಾಕಲು ಹೇಳಿ. ಬ್ಲೂಟೂತಿನಲ್ಲಿ ಬಟನ್ ಒತ್ತಿದ ಮೇಲೆ ಕೋಲಿನ ಸದ್ದು ತಡವಾಗಿ ಬಂದು ಲಯವೇ ಕೆಡುತ್ತದೆ.

ಕೊನೆಗೆ ಮೆನು. ಎಲ್ಲರೂ ಮರೆಯೋದು ಇದನ್ನೇ. ಕಣ್ಣು ಕಾಣದವರ ಕಥೆ ಹೇಳುವ ಗೇಮನ್ನು ಅವರೇ ಶುರು ಮಾಡೋಕೆ ಆಗದಿದ್ದರೆ ಏನು ಚಂದ? 2020ರ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 2’ರ ನಾಯಕಿಗೆ ಕಣ್ಣು ಸರಿಯಾಗಿಯೇ ಕಾಣುತ್ತದೆ. ಆದರೂ ಮೆನು ಓದಿ ಹೇಳುವುದು, ಶಬ್ದದ ಸೂಚನೆಗಳು ಎಲ್ಲ ಇದ್ದದ್ದರಿಂದ ಪೂರ್ತಿ ಅಂಧರೂ ಅದನ್ನು ಆಡಿ ಮುಗಿಸಿದರು. ಗೇಮ್ ಕಟ್ಟುವ ಇನ್ನೊಂದು ಸಾಫ್ಟ್‌ವೇರ್ ಗೊಡೋಟ್ 4ರಲ್ಲಿ ಪಠ್ಯ ಓದಿಸುವ ಸೌಲಭ್ಯ ಇದೆ, ಆಂಡ್ರಾಯ್ಡಿನಲ್ಲಿ ಕನ್ನಡ ದನಿಯೂ ಸಿಗುತ್ತದೆ. ಮೊದಲ ಲೆವೆಲ್ ಆದ ಕೂಡಲೇ ದೃಷ್ಟಿ ಇಲ್ಲದ ಒಬ್ಬರ ಕೈಗೆ ಕೊಡಿ, ನೀವು ಬಾಯಿ ಮುಚ್ಚಿ ಪಕ್ಕದಲ್ಲಿ ಕೂತಿರಿ.

ಅಂದಹಾಗೆ, ಇದು ಮೊಬೈಲಿಗಾ, ಕಂಪ್ಯೂಟರಿಗಾ? ಮೊಬೈಲ್ ಆದರೆ ವೈಬ್ರೇಶನ್ ಬಗ್ಗೆ ಬೇರೆ ಬರೆಯುತ್ತೇನೆ.