ಕಾಯಿ ಸುಲಿಯುವ ಹುಡುಗ ಗಣಿತಕ್ಕೆ ಯಾಕೆ ಕೂರುವುದಿಲ್ಲ?

ಪ್ರಶ್ನೆ: ನನ್ನ ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ನಮ್ಮದು ಸಣ್ಣ ತೆಂಗಿನ ತೋಟ. ಬೆಳಗ್ಗೆ 5 ಗಂಟೆಗೆ ತಾನೇ ಎದ್ದು ವಾಲಿಬಾಲ್ ಆಡಲು ಹೋಗುತ್ತಾನೆ. ರಜೆಯಲ್ಲಿ ಅವರಪ್ಪನ ಜೊತೆ ಕಾಯಿ ಸುಲಿಯಲು ನಿಂತರೆ ಅಂಗೈಯಲ್ಲಿ ಬೊಬ್ಬೆ ಎದ್ದರೂ ಬಿಡುವುದಿಲ್ಲ. ಆದರೆ ಗಣಿತದ ಪುಸ್ತಕ ತೆಗೆದರೆ ಹತ್ತೇ ನಿಮಿಷ, ತಲೆನೋವು ಅಂತಾನೆ. 550 ಅಂಕ ದಾಟಿದರೆ 20 ಸಾವಿರದ ಫೋನ್ ಕೊಡಿಸುತ್ತೇನೆ ಅಂತ ನಮ್ಮೆಜಮಾನರು ಮಾತು ಕೊಟ್ಟರು. ಒಂದು ವಾರ ಓದಿದ, ಆಮೇಲೆ ಮತ್ತೆ ಅದೇ ಕಥೆ. ಇವನು ಸೋಮಾರಿಯಾ? ನಾವು ಏನು ಮಾಡಬೇಕು?
– ಒಬ್ಬ ತಾಯಿ, ತಿಪಟೂರು

ಉತ್ತರ: ಸೋಮಾರಿ ಅಲ್ಲವೇ ಅಲ್ಲಮ್ಮ. ಬೊಬ್ಬೆ ಬಂದರೂ ಕಾಯಿ ಸುಲಿಯುವ ಹುಡುಗನನ್ನು ಸೋಮಾರಿ ಅಂತ ಯಾರಾದರೂ ಕರೆಯುತ್ತಾರಾ? ದಯವಿಟ್ಟು ಆ ಮಾತನ್ನು ಅವನ ಎದುರಿಗೆ ಆಡಬೇಡಿ. ಆಡಿದ್ದರೆ ಇನ್ನು ಮೇಲೆ ಬಿಡಿ.

ಅವನು ಲೆಕ್ಕ ಹಾಕುತ್ತಿದ್ದಾನೆ. ಎಷ್ಟು ಕಷ್ಟ ಪಟ್ಟರೆ ಎಷ್ಟು ಸಿಗುತ್ತದೆ, ಯಾವಾಗ ಸಿಗುತ್ತದೆ, ನಿಜಕ್ಕೂ ಸಿಗುತ್ತದಾ ಅಂತ. ಈ ಲೆಕ್ಕ ನಾವೂ ಹಾಕುತ್ತೇವೆ, ಆದರೆ 15ರ ವಯಸ್ಸಿನಲ್ಲಿ ಕೈಗೆ ಬೇಗ ಸಿಗುವುದಕ್ಕೆ ತೂಕ ಜಾಸ್ತಿ, ತಿಂಗಳುಗಳ ಆಚೆ ಇರುವುದಕ್ಕೆ ತೀರಾ ಕಡಿಮೆ. ಮುಂದಿನದನ್ನು ಯೋಚಿಸಿ ಮನಸ್ಸನ್ನು ಹಿಡಿದಿಡುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಖುಷಿ ಸಿಕ್ಕಾಗ ಚುರುಕಾಗುವ ಭಾಗ ಮಾತ್ರ ಈ ವಯಸ್ಸಿಗೇ ಪೂರಾ ಜೋರಾಗಿರುತ್ತದೆ.

ಈಗ ಕಾಯಿ ಸುಲಿಯುವುದನ್ನೇ ನೋಡಿ. ಒಂದು ಕಾಯಿ ಸುಲಿದರೆ ಒಂದು ಕಾಯಿ ಆಯಿತು. ಪಕ್ಕದಲ್ಲಿ ರಾಶಿ ಬೆಳೆಯುವುದು ಕಣ್ಣಿಗೆ ಕಾಣುತ್ತದೆ, ಅಪ್ಪ ಪಕ್ಕದಲ್ಲೇ ಇದ್ದಾರೆ, ಇನ್ನೆಷ್ಟು ಉಳಿದಿದೆ ಅಂತಲೂ ಗೊತ್ತು. ವಾಲಿಬಾಲ್‌ನಲ್ಲಿ ಚೆಂಡು ಬಿದ್ದ ತಕ್ಷಣ ಪಾಯಿಂಟ್. ಗಣಿತದಲ್ಲಿ ಎರಡು ಗಂಟೆ ಕೂತರೂ ರಾಶಿ ಕಾಣುವುದಿಲ್ಲ, ಲೆಕ್ಕ ಸರಿಯಾಯಿತಾ ತಪ್ಪಾಯಿತಾ ಅನ್ನುವುದೂ ಎಷ್ಟೋ ಸಲ ಗೊತ್ತಾಗುವುದಿಲ್ಲ, ಫಲ ಬರುವುದು ಪರೀಕ್ಷೆ ಮುಗಿದು ರಿಸಲ್ಟ್ ಬಂದ ದಿನ. ಅಷ್ಟು ದೂರದ್ದಕ್ಕೆ ಇವತ್ತು ಯಾಕೆ ಕಷ್ಟ ಪಡಲಿ ಅಂತ ಅವನ ಮನಸ್ಸು ಕೇಳುತ್ತದೆ.

ಫೋನಿನ ಆಸೆ ಕೆಲಸ ಮಾಡದೇ ಇರುವುದಕ್ಕೂ ಕಾರಣ ಇದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು 13ರಿಂದ 20 ವರ್ಷದವರಿಗೆ ಒಂದು ಸಣ್ಣ ಆಟ ಆಡಿಸಿದರು. ಕೆಲವು ಚಿತ್ರ ಬಂದರೆ ಬಟನ್ ಒತ್ತಬೇಕು, ಕೆಲವು ಬಂದರೆ ಸುಮ್ನಿರಬೇಕು. ಕೆಲವು ಸುತ್ತಿನಲ್ಲಿ ಕಡಿಮೆ ದುಡ್ಡು, ಕೆಲವು ಸುತ್ತಿನಲ್ಲಿ ಜಾಸ್ತಿ. ಜಾಸ್ತಿ ದುಡ್ಡಿದ್ದಾಗ ದೊಡ್ಡವರು ಇನ್ನೂ ಚೆನ್ನಾಗಿ ಆಡಿದರು. ಚಿಕ್ಕ ವಯಸ್ಸಿನವರು ಎರಡಕ್ಕೂ ಒಂದೇ ಥರ ಆಡಿದರು. ಇದು ಪ್ರಕಟವಾಗಿದ್ದು 2017ರಲ್ಲಿ. ಅವರಿಗೆ ದುಡ್ಡು ಬೇಡ ಅಂತಲ್ಲ. ಬಹುಮಾನ ದೊಡ್ಡದಾದಾಗ ಅದಕ್ಕೆ ತಕ್ಕಂತೆ ಗಮನವನ್ನೂ ಜಾಸ್ತಿ ಮಾಡಿಕೊಳ್ಳುವ ಶಕ್ತಿ ಇನ್ನೂ ಬೆಳೆಯುತ್ತಾ ಇರುತ್ತದೆ. ಹಾಗಾಗಿ 20 ಸಾವಿರದ ಫೋನನ್ನು 40 ಸಾವಿರದ್ದು ಮಾಡಿದರೂ ನಿಮ್ಮ ಜೇಬಿಗೆ ಭಾರ ಅಷ್ಟೇ.

ಇನ್ನೊಂದು ನನಗೆ ತುಂಬಾ ಮುಖ್ಯ ಅನ್ನಿಸಿದ್ದು. ರೋಲಂಡ್ ಫ್ರೈಯರ್ ಅನ್ನುವ ಅರ್ಥಶಾಸ್ತ್ರಜ್ಞ ಅಮೆರಿಕದ ಶಾಲೆಗಳಲ್ಲಿ ಮಕ್ಕಳಿಗೆ ನಿಜವಾಗಿಯೂ ದುಡ್ಡು ಕೊಟ್ಟು ನೋಡಿದರು. ನ್ಯೂಯಾರ್ಕ್‌ನಲ್ಲಿ 4 ಮತ್ತು 7ನೇ ತರಗತಿಯವರಿಗೆ ಪರೀಕ್ಷೆಯ ಅಂಕಕ್ಕೆ ದುಡ್ಡು. ಅಂಕ ಏರಲಿಲ್ಲ. ಡಲ್ಲಾಸ್‌ನಲ್ಲಿ 2ನೇ ತರಗತಿಯ ಪುಟ್ಟ ಮಕ್ಕಳಿಗೆ ಓದಿದ ಒಂದೊಂದು ಪುಸ್ತಕಕ್ಕೆ 2 ಡಾಲರ್. ಅವರು ಓದಿ ಅರ್ಥ ಮಾಡಿಕೊಳ್ಳುವುದು ಸುಧಾರಿಸಿತು. ಇನ್ನೂ ಜಾಸ್ತಿ ಅಂಕ ತೆಗೆಯಲು ಏನು ಮಾಡುತ್ತೀರಿ ಅಂತ ಮಕ್ಕಳನ್ನು ಕೇಳಿದರೆ, ಪ್ರಶ್ನೆಯನ್ನು ಸರಿಯಾಗಿ ಓದುತ್ತೇವೆ ಅನ್ನುವಂಥ ಉತ್ತರವೇ ಜಾಸ್ತಿ ಬಂತು. ಅರ್ಥವಾಗದ್ದನ್ನು ಟೀಚರ್ ಹತ್ತಿರ ಕೇಳುತ್ತೇವೆ ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ. ಆಸೆ ಇದೆ, ದಾರಿ ಗೊತ್ತಿಲ್ಲ. ನಿಮ್ಮ ಮಗನೂ ಅಲ್ಲೇ ನಿಂತಿದ್ದಾನೆ ಅಂತ ನನಗೆ ಅನ್ನಿಸುತ್ತದೆ. 625ಕ್ಕೆ 550 ಅನ್ನುವುದು ಒಂದು ಸಂಖ್ಯೆ. ಇವತ್ತು ಸಂಜೆ 7 ಗಂಟೆಗೆ ಕೂತು ಯಾವ ಪುಟ ತೆಗೆಯಬೇಕು ಅಂತ ಅದು ಹೇಳುವುದಿಲ್ಲ ಅಲ್ವಾ.

ಹಾಗಾಗಿ ಗಣಿತಕ್ಕೂ ಒಂದು ರಾಶಿ ಮಾಡಿಕೊಡಿ. ಸಮಾಂತರ ಶ್ರೇಢಿಯಿಂದಲೇ ಶುರು ಮಾಡಲಿ. ದಿನಕ್ಕೆ ಐದೇ ಲೆಕ್ಕ. ಮಾಡಿದ ತಕ್ಷಣ ಪುಸ್ತಕದ ಹಿಂದಿರುವ ಉತ್ತರದ ಜೊತೆ ತಾಳೆ ನೋಡಲಿ, ಸರಿಯಾದದ್ದನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಎಷ್ಟು ಅಂತ ಬರೆಯಲಿ. ತಪ್ಪಾದದ್ದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟು ವಾರಕ್ಕೊಮ್ಮೆ ಮೇಷ್ಟ್ರ ಹತ್ತಿರ ಹೋಗಲಿ. ಮೊದಲ ಸಲ ನೀವೇ ಜೊತೆಗೆ ಹೋಗಿ, ಈ ವಯಸ್ಸಿನ ಹುಡುಗರಿಗೆ ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳುವುದೇ ದೊಡ್ಡ ಕಷ್ಟ. ಅವರಪ್ಪ ಕಾಯಿ ಸುಲಿಯುವಾಗ ಪಕ್ಕದಲ್ಲಿ ಇರುತ್ತಾರಲ್ಲ, ಹಾಗೇ ಆ ಅರ್ಧ ಗಂಟೆ ಕೊಬ್ಬರಿ ಲೆಕ್ಕದ ಪುಸ್ತಕ ಹಿಡಿದು ಪಕ್ಕದಲ್ಲಿ ಕೂರಲಿ. ಫೋನಿನ ಮಾತನ್ನು ಹಿಂದೆ ತೆಗೆದುಕೊಳ್ಳಬೇಡಿ, ಕೊಟ್ಟ ಮಾತು ಅದು. ಸುಮ್ನೆ ಮತ್ತೆ ಮತ್ತೆ ಎತ್ತಬೇಡಿ. ಮತ್ತೆ ಏನೇ ಆದರೂ ವಾಲಿಬಾಲ್ ನಿಲ್ಲಿಸಬೇಡಿ. ಕಷ್ಟಪಟ್ಟರೆ ಫಲ ಇದೆ ಅಂತ ಅವನ ಮೈಗೆ ಗೊತ್ತಾಗುತ್ತಿರುವುದೇ ಅಲ್ಲಿ.

ಪ್ರಶ್ನೆ: ನಾನು ಸೆಕೆಂಡ್ ಪಿಯು ಸೈನ್ಸ್. ಫಸ್ಟ್ ಪಿಯುನಲ್ಲಿ ತುಂಬಾ ಓದುತ್ತಿದ್ದೆ. ಈಗ ಮೆಡಿಕಲ್ ಸೀಟು ಹೇಗೂ ಸಿಗಲ್ಲ ಅನ್ನಿಸಿಬಿಟ್ಟಿದೆ, ಪುಸ್ತಕ ತೆಗೆಯುವುದಕ್ಕೇ ಮನಸ್ಸಿಲ್ಲ. ಎರಡು ತಿಂಗಳಿಂದ ಡ್ಯಾನ್ಸ್ ಕ್ಲಾಸಿಗೂ ಹೋಗುತ್ತಿಲ್ಲ.
– ಒಬ್ಬ ವಿದ್ಯಾರ್ಥಿನಿ, ಹಾಸನ

ಉತ್ತರ: ಮಗಳೇ, ನಿನ್ನ ಪತ್ರದ ಕೊನೆಯ ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಮೊದಲು ಉಳಿದದ್ದನ್ನು ಹೇಳಿಬಿಡುತ್ತೇನೆ.

ಸಿಗುವ ನಂಬಿಕೆ ಕಡಿಮೆ ಆದಾಗ ಕಷ್ಟ ಪಡಲು ಮನಸ್ಸು ಬಾರದೇ ಇರುವುದು ಸಹಜ. ಇದನ್ನು ಅಳೆಯುವ ಒಂದು ಪರೀಕ್ಷೆಯೇ ಇದೆ. 21 ಸೆಕೆಂಡಿನಲ್ಲಿ ಕಿರುಬೆರಳಿನಿಂದ 100 ಸಲ ಬಟನ್ ಒತ್ತಿದರೆ ಜಾಸ್ತಿ ದುಡ್ಡು, 7 ಸೆಕೆಂಡಿನಲ್ಲಿ ತೋರುಬೆರಳಿನಿಂದ 30 ಸಲ ಒತ್ತಿದರೆ ಕಡಿಮೆ ದುಡ್ಡು. ಗೆದ್ದರೂ ದುಡ್ಡು ಕೈಗೆ ಬರುವ ಸಾಧ್ಯತೆ ಶೇ. 12, 50 ಅಥವಾ 88. ಶೇ. 12 ಅಂದಾಗ ಹೆಚ್ಚಿನವರಿಗೆ ಕಿರುಬೆರಳು ನೋಯಿಸಿಕೊಳ್ಳಲು ಇಷ್ಟವಾಗುವುದಿಲ್ಲ. ನಿನ್ನ ಮುಂದೆ ಈಗ ಇರುವುದು ಒಂದೇ ಬಾಗಿಲು, ಅದೂ ಶೇ. 12ರ ಥರ ಕಾಣುತ್ತಿದೆ. ಆದರೆ ಅದೇ ಬಯಾಲಜಿ ಓದಿ ಸಿಇಟಿ ಮೂಲಕ ಕೃಷಿ, ಪಶುವೈದ್ಯಕೀಯ, ಫಾರ್ಮಸಿಗೂ ಹೋಗಬಹುದು. ಇವತ್ತು ಓದಿದ ಪಾಠ ಆ ಬಾಗಿಲುಗಳಿಗೂ ಸೇರುತ್ತದೆ.

ಡ್ಯಾನ್ಸ್ ವಿಷಯ ಬೇರೆ. ಅಲ್ಲಿ ಸೀಟು ಇಲ್ಲ, ರ‍್ಯಾಂಕ್ ಇಲ್ಲ, ಅದೂ ಬೇಡ ಅನ್ನಿಸುತ್ತಿದೆ ಅಂದರೆ ಇದು ಬರೀ ಪರೀಕ್ಷೆಯ ಲೆಕ್ಕಾಚಾರ ಇರಲಿಕ್ಕಿಲ್ಲ. ಖಿನ್ನತೆ ಇರುವವರು ಆ ಬಟನ್ ಪರೀಕ್ಷೆಯಲ್ಲಿ ಕಷ್ಟದ ಕೆಲಸವನ್ನು ಆರಿಸಿಕೊಳ್ಳುವುದು ಉಳಿದವರಿಗಿಂತ ಕಡಿಮೆ. ನಿನಗೆ ಅದೇ ಇದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ, ಯಾರಾದರೂ ನಿನ್ನನ್ನು ನೋಡಿ ಮಾತಾಡಬೇಕು. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ ಇದೆ, ಟೆಲಿ ಮಾನಸ್ ಅಂತ, ನಂಬರ್ 14416. ಫ್ರೀ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಒಬ್ಬಳೇ ಮಾಡಲು ಹೆದರಿಕೆ ಆದರೆ ಇವತ್ತು ಸಂಜೆ ಈ ಪುಟವನ್ನು ಅಮ್ಮನ ಕೈಗೆ ಕೊಟ್ಟು, ಇದು ನಾನು ಬರೆದಿದ್ದು ಅಂತ ಹೇಳು.